ಗಟ್ಟಿಯಾಗದ ತೊಗರಿ ಎಣ್ಣೆ

"ಅಯ್ಯಯ್ಯ, ಸ್ವಾಮೇರ! ಏನ್ ಮಾಡಿಬಿಟ್ರಿ?"

ತಬಸ್ಸುಮ್ ಮೇಡಂ ಚೀರಿದ್ದಕ್ಕೆ ಗುರುಲಿಂಗಯ್ಯನ ಕೈಯಲ್ಲಿದ್ದ ತಂಬಾಕಿನ ಚೀಲವೂ ಕೆಳಗೆ ಬಿತ್ತು. ಸುಣ್ಣದ ಡಬ್ಬಿ ಅದಕ್ಕೂ ಮೊದಲೇ ಬಿದ್ದಾಗಿತ್ತು. ನೆಲಕ್ಕೆ ಬಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅದು ಹೋಗಿ ಬಿದ್ದದ್ದು ಮೇಜಿನ ಮೇಲಿದ್ದ ಗಾಜಿನ ಬಟ್ಟಲಿನೊಳಗೆ. ಬಟ್ಟಲಿನಲ್ಲಿದ್ದದ್ದು ತೊಗರಿ ಎಣ್ಣೆ, ಕಳುವಾದ ಮಾಲು ತಯಾರಾದಾಗಲೇ ತೆಗೆದಿಟ್ಟಿದ್ದ ಒಂದೇ ಒಂದು ಮಾದರಿ.

"ಲ್ಯಾಬಿನಾಗ ತಂಬಾಕ ತಿನ್ನಬ್ಯಾಡ್ರಿ ಅಂತ ಬಾಗಲಾ ಮ್ಯಾಲ ಬರದಿಲ್ಲೇನ್ರಿ?"

"ತಿಂದಿಲ್ಲರಿ ಮೇಡಂ. ಬರೇ ತಿಕ್ಕಲಿಕತ್ತಿದ್ದೆ," ಎಂದ ಗುರುಲಿಂಗಯ್ಯ.

ವಾಡಿ ಜಂಕ್ಷನ್ನಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತ ತಲೆ ಬೆಳ್ಳಗೆ ಮಾಡಿಕೊಂಡವನು ಅವನು. ಇಂಥ ಸಬೂಬುಗಳನ್ನು ಕೇಳಿ ಕೇಳಿ ಅವನ ಕಿವಿ ತೂತು ಬಿದ್ದಿದ್ದವು. ಈಗ ತನ್ನ ಬಾಯಿಂದಲೇ ಒಂದು ಬಂತು. ನಿವೃತ್ತನಾದ ಮೇಲೆ ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಇದೆಲ್ಲ ಇರುತ್ತಿರಲಿಲ್ಲ. ಆದರೆ ಕೂರುವ ಜಾತಕ ಅವನದಲ್ಲ. ವಾಡಿಯಲ್ಲೇ ಮಿರ್ಚಿಭಜಿ ಅಂಗಡಿಯ ಮೇಲಿನ ಕೋಣೆಗೆ 'ಖಾಸಗಿ ಪತ್ತೇದಾರ' ಎಂದು ಬೋರ್ಡು ಹೊಡೆಸಿ ಕೂತಿದ್ದ.

ಮೂಲೆಯ ಸ್ಟೂಲಿನ ಮೇಲಿದ್ದ ರಶೀದಾಬೇಗಂ ಹಣೆ ಹಣೆ ಬಡಿದುಕೊಂಡಳು.

"ಯಾ ಅಲ್ಲಾ! ಇದ್ದದ್ದೊಂದು ಸಬೂತು, ಅದಕ್ಕೂ ಸುಣ್ಣಾ ಹಾಕಿದ್ರಲ್ರಿ ಸ್ವಾಮೇರ! ಇನ್ನ ನನ್ನ ಅತೀಕನ ಗತಿ ಏನ್ರಿ?"

ಆ ತಾಯಿಯ ಕಷ್ಟ ಸಣ್ಣದಲ್ಲ. ಚಿತ್ತಾಪುರದಿಂದ ಸೇಡಂ ಕಡೆ ಹೋಗುವ ರಸ್ತೆಯಲ್ಲಿ ಭಾಗ್ಯಶ್ರೀ ಎಂಬ ಹೆಣ್ಣುಮಗಳು ಒಂದು ಸಣ್ಣ ಕಾರ್ಖಾನೆ ಹಾಕಿದ್ದಳು. ತೊಗರಿ ಕಟ್ಟಿಗೆಯಿಂದ ಬಣ್ಣ ಕರಗಿಸುವ ದ್ರಾವಕ, ಅಂದರೆ ಈ ತೊಗರಿ ಎಣ್ಣೆ, ತೆಗೆಯುವ ಕಾರ್ಖಾನೆ. ಅಲ್ಲಿಂದ ಎರಡು ಕ್ಯಾನು ಮಾಯವಾಗಿದ್ದವು. ಉಗ್ರಾಣದ ಕೀಲಿ ಇದ್ದದ್ದು ಅತೀಕನ ಹತ್ತಿರ, ಹಾಗಾಗಿ ನಿನ್ನೆ ಸಂಜೆಯಿಂದ ಅತೀಕ ಠಾಣೆಯಲ್ಲಿ. ಇವತ್ತು ಸಂಜೆಗೆ ಕೋರ್ಟು. ಶುಕ್ರವಾರ ಅವನ ನಿಕಾಹ್. ಕೋರ್ಟು ಕಂಡ ಹುಡುಗನಿಗೆ ಹುಡುಗಿ ಕೊಡುವುದಿಲ್ಲ ಎಂದು ಚಿಂಚೋಳಿಯ ಬೀಗರು ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಅದಕ್ಕೇ ರಶೀದಾಬೇಗಂ ಪತ್ತೇದಾರನ ಬೆನ್ನು ಬಿಡದೆ, ಬೆಳಿಗ್ಗೆಯಿಂದ ಅವನು ಹೋದಲ್ಲೆಲ್ಲ ಹೋಗಿ, ಕೂತಲ್ಲೆಲ್ಲ ಕೂತು, ಅವನ ಚಹಾದಲ್ಲಿ ಅರ್ಧ ಕುಡಿದು, ಪ್ರಾಣ ಹಿಂಡುತ್ತಿದ್ದಳು.

"ತಡೀರಿ ತಡೀರಿ," ಎಂದಳು ತಬಸ್ಸುಮ್. ಆಕೆಯ ದನಿ ಬದಲಾಗಿತ್ತು.

ಬಟ್ಟಲು ಮೇಜಿನ ಮೇಲೆ ಬೆಚ್ಚಗಿನ ಕರೆಂಟ್ ಒಲೆಯ ಮೇಲಿತ್ತು. ನೀರಿನ ಹಾಗೆ ತಿಳಿಯಾಗಿದ್ದ ದ್ರವ ಡಬ್ಬಿಯ ಸುತ್ತ ಮೊದಲು ಹಳದಿಯಾಯಿತು. ಆಮೇಲೆ ದಪ್ಪಗಾಯಿತು. ತಬಸ್ಸುಮ್ ಗಾಜಿನ ಕಡ್ಡಿಯಿಂದ ತಿರುವುತ್ತಲೇ ಇದ್ದಳು. ನೋಡುತ್ತ ನೋಡುತ್ತ ಅದು ಬೆಲ್ಲದ ಪಾಕದ ಹದಕ್ಕೆ ಬಂತು. ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತಿನಲ್ಲಿ ಕಡ್ಡಿಯೂ ಡಬ್ಬಿಯೂ ಕೂಡಿ ಒಂದೇ ಗಡ್ಡೆಯಾಗಿ ಕೂತಿದ್ದವು.

"ನನ್ನ ಡಬ್ಬಿ?" ಎಂದ ಗುರುಲಿಂಗಯ್ಯ.

"ಮರತುಬಿಡ್ರಿ. ಇದು ಇನ್ನ ಬಿಡಂಗಿಲ್ಲ."

"ಏನ್ ಜಾದೂರಿ ಇದು?"

"ಜಾದೂ ಅಲ್ಲರಿ, ಅದರ ಸ್ವಭಾವ. ನೀವು ತೊಗರಿ ಎಣ್ಣಿ ಅಂತೀರಿ, ಆದರ ಇದು ಎಣ್ಣಿ ಅಲ್ಲ. ತೊಗರಿ ಕಟಗಿಯೊಳಗಿನ ನಾರಿಗಿ ಆಮ್ಲ ಹಾಕಿ ಕಾಯಿಸಿ, ಬಂದದ್ದಕ್ಕ ಜಲಜನಕ ಕೂಡಿಸಿ ತೆಗೀತಾರ. ಖರೇ ಹೆಸರು ಡೈಹೈಡ್ರೋಲೆವೊಗ್ಲುಕೊಸೆನೋನ್."

"ಭಾಳ ಉದ್ದ ಆಯ್ತರಿ. ಹೇಳಿ ಮುಗಿಸೂದ್ರೊಳಗ ವಾಡಿ ಬಿಟ್ಟ ಗಾಡಿ ಶಹಾಬಾದ ಮುಟ್ತದ."

ತಬಸ್ಸುಮ್ ನಗಲಿಲ್ಲ. ಚಿತ್ತಾಪುರದ ಕಾಲೇಜಿನಲ್ಲಿ ಹಿಂದಿನ ಬೆಂಚಿನ ಹುಡುಗರಿಗೆ ರಸಾಯನಶಾಸ್ತ್ರ ಹೇಳಿ ಹೇಳಿ, ನಗು ತಡೆದುಕೊಳ್ಳುವ ವಿದ್ಯೆ ಆಕೆಗೆ ಪಳಗಿತ್ತು.

"ಬಣ್ಣದ ಕಂಪನಿಯವ್ರು, ಔಷಧ ಕಂಪನಿಯವ್ರು ಬಳಸ್ತಿದ್ದ ಹಳೇ ದ್ರಾವಕ ಅದಾವಲ್ಲ, ಅವು ಹೊಟ್ಟಿಯೊಳಗಿನ ಕೂಸಿಗಿ ಕೆಡಕು ಮಾಡ್ತಾವ. ಅದರ ಬದಲಿ ಇದು. ಇದು ಮಂದಿಗಿ ಛಲೋ, ಮಣ್ಣಿಗಿ ಛಲೋ. ನೀರಿನ ಕೂಡ ಹಾಕಿದ್ರ ನೀರನ್ನ ಮೈಗೆ ಹಚ್ಚಿಕೊಂಡು ರೂಪ ಬದಲಸ್ತದ, ನೀರು ಹೋದ್ರ ಮತ್ತ ಮೊದಲಿನಂಗ ಆಗ್ತದ. ಆದರ ಸುಣ್ಣದಂಥ ಕ್ಷಾರ ಮಾತ್ರ ಇದಕ್ಕ ಆಗಿ ಬರಂಗಿಲ್ಲ. ಕ್ಷಾರ ತಾಗಿದ್ದೇ ತಡ, ಒಂದೊಂದು ಕಣದಿಂದ ಒಂದೊಂದು ಜಲಜನಕ ಕಿತ್ತಕೊಂತದ. ಆವಾಗ ಆ ಕಣ ಬಾಜೂ ಇದ್ದ ಕಣದ ಕೈ ಗಟ್ಟಿ ಹಿಡಕೊಂತದ. ಆ ಎರಡು ಮತ್ತೆರಡನ್ನ ಹಿಡೀತಾವ. ಒಮ್ಮೆ ಹಿಡದ್ರ ಬಿಡೂದಿಲ್ಲ."

"ಅಂದ್ರ ಸುಣ್ಣಾ ಖಾಜಿಸಾಬ ಆಯ್ತು," ಎಂದಳು ರಶೀದಾಬೇಗಂ ಮೂಲೆಯಿಂದ. ಮರುಗಳಿಗೆಯೇ ಶುಕ್ರವಾರದ ನೆನಪಾಗಿ ಸೆರಗು ಬಾಯಿಗೆ ಒತ್ತಿಕೊಂಡಳು.

ಗುರುಲಿಂಗಯ್ಯ ಮಾತ್ರ ಎದ್ದು ನಿಂತಿದ್ದ. ಅವನ ಮುಖ ನೋಡಿದರೆ, ಡಬ್ಬಿ ಕಳಕೊಂಡವನ ಹಾಗಿರಲಿಲ್ಲ.

"ಮೇಡಂ, ಭಂಕೂರದಾಗ ಹಳೇ ಡ್ರಮ್ಮು ತಂದ್ರ ಮೊದಲ ಏನ್ ಮಾಡ್ತಾರ ಗೊತ್ತದೇನ್ರಿ?"

"ನನಗ ಹ್ಯಾಂಗ ಗೊತ್ತಿರ್ತದರಿ?"

"ಸುಣ್ಣದ ನೀರು ಹಾಕಿ ತಿರುವ್ತಾರ. ತಳದಾಗ ಎರಡು ಬೊಗಸಿ ಸುಣ್ಣಾ ಹಂಗೇ ಬಿಡ್ತಾರ. ಹುಳಾ ಆಗಬಾರದಂತ. ನೀರು ಇಡಲಿ, ಡೀಸೆಲ್ ಇಡಲಿ, ಮೊದಲ ಸುಣ್ಣಾ! ಅಲ್ಲಿ ನೆಲಕ್ಕ ಹಾಸೋ ಫರಸಿ ಕಲ್ಲು ಪಾಲಿಶ್ ಮಾಡೋರು ಒಬ್ಬರೂ ಇದನ್ನ ಬಿಡಂಗಿಲ್ಲ. ನಡೀರಿ, ಟಂಟಂ ಆಟೋ ಹಿಡೀರಿ!"

ಭಂಕೂರ ಯಾಕೆ ಎಂದರೆ ಅದಕ್ಕೂ ಕಾರಣವಿತ್ತು. ಭಾಗ್ಯಶ್ರೀಯ ಉಗ್ರಾಣಕ್ಕೆ ಹೊಸ ಫರಸಿ ಹಾಸಿದವನು ಭಂಕೂರದ ಬಸವಂತರಾಯ. ಹಾಸುವ ದಿನ ಉಗ್ರಾಣ ಖಾಲಿ ಮಾಡಿ ಕ್ಯಾನುಗಳನ್ನೆಲ್ಲ ಅಂಗಳದಲ್ಲಿ ಇಟ್ಟಿದ್ದರು. ಅಂಗಳದಲ್ಲಿದ್ದ ಮಾಲಿಗೆ ಕೀಲಿ ಬೇಕಿಲ್ಲ. ಅಂದು ಸಂಜೆ ಫರಸಿ ಇಳಿಸಿ ಖಾಲಿಯಾಗಿ ಹೊರಟ ಬಸವಂತರಾಯನ ಟ್ರ್ಯಾಲಿಯ ಮೇಲೆ ತಾಡಪಾಲು ಕಟ್ಟಿತ್ತು ಎಂದು ಗೇಟಿನ ಎದುರಿನ ಚಹಾದಂಗಡಿಯವನು ಹೇಳಿದ್ದ. ಖಾಲಿ ಟ್ರ್ಯಾಲಿಗೆ ಯಾವ ಜಾಣ ತಾಡಪಾಲು ಕಟ್ಟುತ್ತಾನೆ?

ಬಸವಂತರಾಯ ಅವರನ್ನು ಬೀಗರ ಹಾಗೆ ಎದುರುಗೊಂಡ. ಬಿಳಿ ಧೋತರ, ಹಣೆ ತುಂಬ ವಿಭೂತಿ, ತಲೆಯಿಂದ ಪಾದದವರೆಗೆ ಫರಸಿಯ ಬೂದು ಧೂಳು.

"ಬರ್ರಿ ಸ್ವಾಮೇರ, ಬರ್ರಿ! ಏ, ಕುರ್ಚಿ ಹಾಕ್ರಪಾ! ಕುಂದ್ರಿ ಅವ್ವಾರ. ಮೇಡಮ್ಮಾರ, ನೀವೂ ಕುಂದ್ರಿ. ಚಹಾ ಏನ್ ಕುಡೀತೀರಿ, ಸಕ್ಕರೀದೋ ಬೆಲ್ಲದ್ದೋ?"

"ಟಿಕೆಟ್ ತೋರಸ್ರಿ!" ಎಂದ ಗುರುಲಿಂಗಯ್ಯ.

ಎಲ್ಲರೂ ಅವನನ್ನೇ ನೋಡಿದರು. ಉದ್ವೇಗ ಹೆಚ್ಚಾದರೆ ಅವನ ನಾಲಗೆ ಹಳೇ ನೌಕರಿಗೆ ಹೋಗಿಬಿಡುತ್ತಿತ್ತು, ಪಾಪ. ಗಂಟಲು ಸರಿ ಮಾಡಿಕೊಂಡು, "ಅಂದ್ರ, ಡ್ರಮ್ಮು ತೋರಸ್ರಿ ಅಂದೆ," ಎಂದ.

"ಯಾವ ಡ್ರಮ್ಮು?"

"ತೊಗರಿ ಎಣ್ಣಿ ಹಾಕಿ ಇಟ್ಟೀರಲ್ಲ, ಅದು."

ಬಸವಂತರಾಯನ ಕೈ ಮೀಸೆಗೆ ಹೋಯಿತು. "ತೊಗರಿ ಅಂದ್ರ ಬ್ಯಾಳಿ ಗೊತ್ತು ನನಗ. ಎಣ್ಣಿ ಗಿಣ್ಣಿ ಗೊತ್ತಿಲ್ಲ. ನಾ ಕಲ್ಲಿನ ಮನಿಷಾರಿ."

ಗುರುಲಿಂಗಯ್ಯ ಮಾತಿಗೆ ನಿಲ್ಲಲಿಲ್ಲ. ಪಾಲಿಶ್ ಯಂತ್ರದ ಹಿಂದೆ, ಫರಸಿಗಳ ಅಟ್ಟಿಯ ನೆರಳಿನಲ್ಲಿ ಒಂದು ನೀಲಿ ಡ್ರಮ್ಮು ಅವನ ಕಣ್ಣಿಗೆ ಬಿದ್ದಿತ್ತು. ಅದರ ಕಂಠಕ್ಕೆ ಸುಣ್ಣದ ಬಿಳಿ ಗೆರೆ. ಮಗ್ಗುಲಲ್ಲಿ ಗೋಣಿಚೀಲ ಹೊದ್ದುಕೊಂಡ ಎರಡು ಬಿಳಿ ಕ್ಯಾನು. ಚೀಲ ಸರಿಸಿದರೆ ಕ್ಯಾನಿನ ಮೇಲೆ ಭಾಗ್ಯಶ್ರೀಯ ಕಾರ್ಖಾನೆಯ ಹಸಿರು ಎಲೆಯ ಚಿತ್ರ!

"ರಶೀದಾಬಿ, ನಿಮ್ಮ ಮಗ ಬಿಟ್ಟಂಗೇ ತಿಳೀರಿ," ಎಂದವನೇ ಅಲ್ಲೇ ನಿಂತು ಪಿಎಸ್ಐ ಸಾಹೇಬರಿಗೆ ಫೋನು ಹಚ್ಚಿದ. "ಸಾಹೇಬ್ರ, ಕಳ್ಳನೂ ಸಿಕ್ಕ, ಮಾಲೂ ಸಿಕ್ತು. ಹುಡುಗನ್ನ ಕರಕೊಂಡೇ ಭಂಕೂರಕ್ಕ ಬರ್ರಿ."

ರಶೀದಾಬೇಗಂ ಎರಡೂ ಕೈ ಮೇಲೆತ್ತಿ ದುವಾ ಹೇಳತೊಡಗಿದಳು.

ಫೋನು ಜೇಬಿಗಿಳಿಸಿದ ಗುರುಲಿಂಗಯ್ಯ ಕಲ್ಲು ಅಳೆಯುವ ಕಬ್ಬಿಣದ ಗಜ ಕೈಗೆತ್ತಿಕೊಂಡ. ಕೆಲಸಗಾರರೆಲ್ಲ ಯಂತ್ರ ನಿಲ್ಲಿಸಿ ಸುತ್ತ ನೆರೆದರು. ಅವನಿಗೆ ಇಂಥ ಗಳಿಗೆ ಭಾಳ ಇಷ್ಟ.

"ಎಲ್ಲಾರೂ ನೋಡ್ರಿ! ತೊಗರಿ ಎಣ್ಣಿಗಿ ಸುಣ್ಣಾ ಆಗಂಗಿಲ್ಲ. ಸುಣ್ಣದ ಡ್ರಮ್ಮಿಗಿ ಹಾಕಿದ್ರ, ಈ ಬಿಸಿಲಿಗಿ ಕಲ್ಲಾಗಿ ಕುಂತಿರ್ತದ. ಈಗ ಈ ಗಜಾ ಹೊಡೀತೀನಿ. ಠಣ್ ಅಂತದೋ ಇಲ್ಲೋ ನೋಡ್ರಿ!"

ಮುಚ್ಚಳ ತೆಗೆದು, ಗಜ ಎತ್ತಿ, ಇದ್ದ ಬಲವೆಲ್ಲ ಹಾಕಿ ಡ್ರಮ್ಮಿನೊಳಗೆ ಕುಕ್ಕಿದ.

ಪಚಕ್ ಎಂದಿತು. ಠಣ್ ಎನ್ನಲಿಲ್ಲ. ಗಜ ತಳದವರೆಗೆ ಹೋಯಿತು, ಗುರುಲಿಂಗಯ್ಯನ ತೋಳು ಮೊಣಕೈವರೆಗೆ ಹೋಯಿತು, ಅಂಟಂಟು ದ್ರವ ಚಿಮ್ಮಿ ಅವನ ಹಣೆ, ಕನ್ನಡಕ, ಅಂಗಿ ಎಲ್ಲ ತೊಯ್ದು ತೊಪ್ಪೆಯಾಯಿತು. ಯಾರೋ ಹಿಂದೆ ಕಿಸಕ್ಕೆಂದರು.

"ಗಟ್ಟಿ ಆಗಿಲ್ಲ," ಎಂದ ಗುರುಲಿಂಗಯ್ಯ. ಅದು ಎಲ್ಲರಿಗೂ ಕಾಣುತ್ತಿತ್ತು.

ಇಷ್ಟು ಹೊತ್ತು ತಡೆದುಕೊಂಡಿದ್ದ ಬಸವಂತರಾಯನ ಸಿಟ್ಟು ಈಗ ಕಟ್ಟೆಯೊಡೆಯಿತು.

"ಗಟ್ಟಿ ಆಗೂದು ಹಾಳಾಗಿ ಹೋಗ್ಲಿ, ಇದು ಬಣ್ಣಾ ಸುದ್ದಾ ಬಿಡಸಂಗಿಲ್ಲರಿ! ಹೈದ್ರಾಬಾದಕ್ಕ ಹೋಗೋ ಫರಸಿ ಮ್ಯಾಲ ಹುಡುಗರು ಎಣ್ಣಿಬಣ್ಣಾ ಚೆಲ್ಲಿದ್ರು. ತೊಗರಿ ಎಣ್ಣಿ ಹಚ್ಚಿದ್ರ ಎಂಥಾ ಬಣ್ಣಾನೂ ಕರಗ್ತದ ಅಂತ ಆ ಭಾಗ್ಯಶ್ರೀ ಬಾಯೋರೇ ಹೇಳಿದ್ರು. ಹಚ್ಚಿ ತಿಕ್ಕಿದೆ. ಬಣ್ಣಾ ಅಲ್ಲೇ ಅದ, ಮ್ಯಾಲ ಜಿಗುಟು ಬ್ಯಾರೆ ಕುಂತದ. ನೊಣಾ ಮುತ್ತಿ ನನ್ನ ಫರಸಿ ಕಪ್ಪಾಗ್ಯಾವ! ಇಂಥಾ ಖೋಟಾ ಮಾಲು ಮಾಡ್ತಾರ, ನಾಚಿಗಿ ಬರಬೇಕು!"

ಮಾತು ಮುಗಿದ ಮೇಲೆ ಕೆಲಸಗಾರರು ಒಬ್ಬರ ಮುಖ ಒಬ್ಬರು ನೋಡಿದರು. ಬಸವಂತರಾಯನಿಗೂ ತಾನು ಏನು ಹೇಳಿದೆ ಎಂಬುದು ಆಗ ಹೊಳೆಯಿತು.

"ಅಂದ್ರ, ನೀವೇ ಒಯ್ದೀರಿ," ಎಂದ ಗುರುಲಿಂಗಯ್ಯ ಕನ್ನಡಕ ಒರೆಸುತ್ತ.

"ಒಯ್ದೀನಿ. ಎರಡು ಕ್ಯಾನು ಅಂಗಳದಾಗ ಬಿದ್ದಿದ್ವು, ತಾಡಪಾಲಿನ ಕೆಳಗ ಹಾಕ್ಕೊಂಡು ಬಂದೆ. ಅತೀಕನಿಗಿ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ತಪ್ಪು ನಂದೇ. ಆದರ ಸ್ವಾಮೇರ, ಕದ್ದದ್ದು ತಪ್ಪಾದ್ರ ಖೋಟಾ ಮಾಲು ಇಟ್ಟದ್ದೂ ತಪ್ಪೇ! ನನ್ನ ಕಡಿಯಿಂದ ಒಂದು ಕಂಪ್ಲೇಂಟ್ ಬರಕೋರಿ!"

ರಶೀದಾಬೇಗಂ ಕುಣಿಯುವುದೊಂದು ಬಾಕಿ. "ಕೇಳಿದ್ರೇನ್ರಿ ಎಲ್ಲಾರೂ? ನನ್ನ ಬಚ್ಚಾ ಬೇಕಸೂರ, ಅವಂದೇನೂ ತಪ್ಪಿಲ್ಲ! ಚಿಂಚೋಳಿಗಿ ಈಗೇ ಫೋನ್ ಮಾಡ್ತೀನಿ!"

ಗುರುಲಿಂಗಯ್ಯನ ಎದೆಯೂ ಅರಳಿತು. ಗಟ್ಟಿಯಾಗದಿದ್ದರೆ ಆಗದಿರಲಿ, ಕಳ್ಳನಂತೂ ತಾನೇ ಬಾಯಿಬಿಟ್ಟ. ಅವನು ಇನ್ನೇನು ಒಳ್ಳೆಯದೊಂದು ಮಾತು ಆಡಬೇಕು, ಅಷ್ಟರಲ್ಲಿ ತಬಸ್ಸುಮ್ ಅವನ ತೊಯ್ದ ಅಂಗಿ ಎಳೆದಳು.

"ಸ್ವಾಮೇರ, ಇದು ತೊಗರಿ ಎಣ್ಣಿ ಅಲ್ಲ."

ಆಕೆ ಕ್ಯಾನಿನಲ್ಲಿ ಉಳಿದಿದ್ದ ದ್ರವವನ್ನು ಒಂದು ಬಾಟಲಿಗೆ ಸ್ವಲ್ಪ ಬಗ್ಗಿಸಿ, ಅದರಲ್ಲಿ ಒಂದು ಚಿಟಿಕೆ ಸುಣ್ಣ ಹಾಕಿ ಅಲುಗಿಸುತ್ತಿದ್ದಳು. ಹಳದಿಯಾಗಲಿಲ್ಲ, ದಪ್ಪಗಾಗಲಿಲ್ಲ. ಬದಲಿಗೆ ಸುಣ್ಣವೇ ಕರಗಿ ಕಾಣದಂತಾಯಿತು.

"ನೀರಿನಾಗ ಸುಣ್ಣಾ ಇಷ್ಟು ಕರಗಂಗಿಲ್ಲ, ತಳಕ್ಕ ಕೂಡ್ತದ. ಸಕ್ಕರೀ ಇದ್ರ ಮಾತ್ರ ಹಿಂಗ ಕರಗ್ತದ. ಕೆಳಗ ನೋಡ್ರಿ."

ಗುರುಲಿಂಗಯ್ಯ ನೋಡಿದ. ಗೋಡೆಯ ಬಿರುಕಿನಿಂದ ಹೊರಟ ಕೆಂಪಿರುವೆಯ ಸಾಲು ಫರಸಿ ದಾಟಿ, ಗೋಣಿಚೀಲ ಏರಿ, ನೇರ ಕ್ಯಾನಿನ ಬಾಯಿಗೆ ಹೋಗಿತ್ತು. ಅವನ ತೋಳಿನ ಮೇಲೂ ಆಗಲೇ ನಾಲ್ಕಾರು ಹರಿದಾಡುತ್ತಿದ್ದವು.

"ಹೌದ್ರಿ, ಇರುವಿ ಬರ್ತಾವ," ಎಂದ ಬಸವಂತರಾಯ. "ಹಸಿರು ಮಾಲು, ಗಿಡದಿಂದ ಮಾಡಿದ್ದು, ಬರತಾವ ಅಂತ ಸುಮ್ಮನಾದೆ. ವಾಸನಿನೂ ಗಮ್ ಅಂತಿತ್ತು. ತೂಕಾ ಸುದ್ದಾ ಬರೋಬ್ಬರಿ ಇತ್ತು, ಕ್ಯಾನಿನ ಮ್ಯಾಲ ಬರದಷ್ಟೇ."

"ಅದೇ ನೋಡ್ರಿ," ಎಂದಳು ತಬಸ್ಸುಮ್. "ತೊಗರಿ ಎಣ್ಣಿ ನೀರಿಗಿಂತ ಕಾಲುಪಾಲು ಭಾರ. ಬರೇ ನೀರು ತುಂಬಿದ್ರ ಕ್ಯಾನು ಎತ್ತಿದವನಿಗೇ ಗೊತ್ತಾಗ್ತಿತ್ತು. ಯಾರೋ ತೂಕಾ ಸರಿಹೊಂದಸಿ ಪಾಕ ತುಂಬ್ಯಾರ. ಬಸವಂತರಾಯರು ಒಯ್ಯೂದಕ್ಕಿಂತ ಮೊದಲೇ ಖರೇ ಮಾಲು ಹೋಗ್ಯದ. ಉಗ್ರಾಣದೊಳಗಿಂದೇ ಹೋಗ್ಯದ."

ಉಗ್ರಾಣದೊಳಗಿಂದ ಎಂದರೆ ಕೀಲಿ. ಕೀಲಿ ಎಂದರೆ ಅತೀಕ. ಅರಳಿದ್ದ ಗುರುಲಿಂಗಯ್ಯನ ಎದೆ ಬಾಡಿತು.

"ಪಾಕ ಅಂತ ಹ್ಯಾಂಗ ಹೇಳ್ತೀರಿ? ಏನೇನೋ ಇರಬಹುದು!" ಎಂದು ಮುಂದೆ ಬಂದ ರಶೀದಾಬೇಗಂ, ತಬಸ್ಸುಮ್ "ಬಾಯಿಗಿ ಹಾಕಬ್ಯಾಡ್ರಿ!" ಎನ್ನುವುದರೊಳಗೆ ಕ್ಯಾನಿನ ಬಾಯಿಗೆ ಬೆರಳು ಹಚ್ಚಿ ನಾಲಗೆಗೆ ಇಟ್ಟೇಬಿಟ್ಟಳು.

ಒಮ್ಮೆ ಚಪ್ಪರಿಸಿದಳು. ಆಮೇಲೆ ಬೆರಳು ಮೂಸಿದಳು. ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಏನ್ರಿ, ಸಿಹಿ ಅದೇನ್ರಿ?" ಎಂದಳು ತಬಸ್ಸುಮ್.

"ಗೊತ್ತಾಗಲಿಲ್ಲ," ಎಂದಳು ರಶೀದಾಬೇಗಂ. ಆಮೇಲೆ ಗುರುಲಿಂಗಯ್ಯನ ಅಂಟು ತೋಳನ್ನೇ ಹಿಡಿದು ಫರಸಿ ಅಟ್ಟಿಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ಸ್ವಾಮೇರ, ಇಷ್ಟಕ್ಕೇ ಮುಗಸ್ರಿ. ಕಳ್ಳ ಸಿಕ್ಕನಲ್ಲ, ಸಾಕು. ಮ್ಯಾಲಿಂದು ನಮಗ್ಯಾಕ ಬೇಕು?"

"ಯಾಕ್ರಿ? ಏನಾಯ್ತು?"

"ನಾ ಶಾದಿಮನಿಗಳಿಗಿ ಡಬಲ್ ಕಾ ಮೀಠಾ, ಅದೇ ಪಾಕದಾಗ ಅದ್ದಿದ ಬ್ರೆಡ್ಡಿನ ಸಿಹಿ, ಮಾಡಿಕೊಟ್ಟು ಬದುಕಿದಾಕಿ. ಶಹಾಬಾದದಾಗ ಯಾರನ್ನ ಬೇಕಾದ್ರೂ ಕೇಳ್ರಿ. ಪಾಕಕ್ಕ ಲವಂಗ ಹುರದು ಹಾಕಿ, ಕೇದಗಿ ಹೂವಿನ ಕೇವಡಾ ನೀರು ಬಿಟ್ಟು, ಹರಳು ಕಟ್ಟಬಾರದಂತ ನಿಂಬಿಹಣ್ಣು ಹಿಂಡಾಕಿ ನಾ ಒಬ್ಬಾಕಿನೇ." ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಇದು ನನ್ನ ಕೈ ಪಾಕರಿ ಸ್ವಾಮೇರ. ಹೋದ ವಾರ ಅತೀಕ ಮಾಡಸಿಕೊಂಡು ಹೋದ. ದೋಸ್ತನ ಅಂಗಡಿಗಿ ಬೇಕು ಅಂದ. ಲೀಟರಿಗಿ ಇಷ್ಟೇ ತೂಕಾ ಬರಬೇಕು ಅಂತ ತಕ್ಕಡಿ ಹಿಡದು ಬಾಜೂನೇ ಕುಂತಿದ್ದ. ನನ್ನ ಮಗ ಎಷ್ಟು ಶಾಣ್ಯಾ ಅಂತ ಖುಷಿಪಟ್ಟೆನ್ರಿ ನಾನು!"

ಗುರುಲಿಂಗಯ್ಯ ತೋಳಿನ ಮೇಲಿನ ಇರುವೆ ಕೊಡವಿದ.

"ಕೈ ಮುಗೀತೀನಿ. ಶುಕ್ರವಾರ ಒಂದು ದಾಟ್ಲಿ. ಆಮ್ಯಾಲ ನಾನೇ ಕಿವಿ ಹಿಡದು ಅವನ್ನ ಠಾಣಾಕ್ಕ ತರ್ತೀನಿ."

ಗೇಟಿನಲ್ಲಿ ಜೀಪು ನಿಂತಿತು. ಪಿಎಸ್ಐ ಸಾಹೇಬರು ಇಳಿದರು. ಹಿಂದಿನ ಸೀಟಿನಿಂದ ಅತೀಕ ಇಳಿದ. ತಾಯಿಯನ್ನು ಕಂಡು ಅವನ ಮುಖ ಹೂವಿನ ಹಾಗೆ ಅರಳಿತು.

"ಅಮ್ಮೀ!"

ಎರಡು ಹೆಜ್ಜೆ ಓಡಿ ಬಂದವನು ಕ್ಯಾನು ಕಂಡು ನಿಂತುಬಿಟ್ಟ.

"ಭೇಷ್ ಸ್ವಾಮೇರ!" ಎಂದರು ಪಿಎಸ್ಐ. "ಹುಡುಗನ್ನ ಬಿಟ್ಟಾಂಗೇ. ಎಲ್ಲಿ, ಮಾಲು ತೋರಸ್ರಿ. ಒಂದು ಪಂಚನಾಮಾ ಮಾಡಿ ಮುಗಿಸೋಣು."

"ಮಾಲೇ ಖೋಟಾರಿ ಸಾಹೇಬ್ರ!" ಎಂದು ಬಸವಂತರಾಯ ಕೂಗಿದ.

"ಖೋಟಾ ಅಂದ್ರ? ಸ್ವಾಮೇರ, ಏನದ ಆ ಕ್ಯಾನಿನಾಗ?"

ತಬಸ್ಸುಮ್ ಕೈಯಲ್ಲಿ ಬಾಟಲಿ ಹಾಗೇ ಇತ್ತು. ಆಕೆ ಗುರುಲಿಂಗಯ್ಯನ ಕಡೆ ನೋಡಿದಳು, ತಾನು ಹೇಳಲೋ ನೀವು ಹೇಳುತ್ತೀರೋ ಎಂಬಂತೆ. ರಶೀದಾಬೇಗಂ ಅವನ ತೋಳು ಬಿಟ್ಟಿರಲಿಲ್ಲ. ಅವಳ ಉಗುರು ಚರ್ಮಕ್ಕೆ ಇಳಿಯುತ್ತಿತ್ತು.

ಗುರುಲಿಂಗಯ್ಯ ಬಾಯಿ ತೆರೆದ. ಅವನಿಗಿಂತ ಮೊದಲು ಅತೀಕನೇ ಮಾತಾಡಿದ.

"ಸಾಹೇಬ್ರ, ಬಸವಂತರಾಯರನ್ನ ಬಿಟ್ಟುಬಿಡ್ರಿ. ಪಾಕ ತುಂಬಿದಾಂವ ನಾನೇ. ಖರೇ ಮಾಲು ಹೊರಗ ಮಾರಿ, ಲೆಕ್ಕಕ್ಕ ಪಾಕ ತುಂಬಲಿಕ್ಕ ಹಚ್ಚಿದವ್ರು ಭಾಗ್ಯಶ್ರೀ ಮೇಡಮ್ಮೇ."